ಮೇಲಿನ ಪೋರ್ಷನ್ನಿನ ಕೂಗು

ಬಸವೇಶ್ವರನಗರ,
14 ಜುಲೈ 2025

ಮಹಾಗಂಭೀರ ಅಣ್ಣನವರಾದ ಮಧ್ವೇಶರ ಸನ್ನಿಧಿಗೆ, ತಮ್ಮ ಮುರಳಿಯ ಸಾಷ್ಟಾಂಗ ನಮಸ್ಕಾರ.

ಹೇಗಿದ್ದೀಯ? ಕೆಂಗೇರಿಯ ಚಿಕಿತ್ಸಾ ಕೇಂದ್ರದಲ್ಲಿ ಊಟ ಸೇರುತ್ತಿದೆಯೇ? ಮಾತ್ರೆಯಿಂದ ಕೈ ನಡುಗುತ್ತಿದ್ದದ್ದು ಕಡಿಮೆಯಾಯಿತೇ? ಇಲ್ಲಿ ಎಲ್ಲರೂ ಕ್ಷೇಮ. ಅಂದರೆ ಅಪ್ಪ ಪೇಪರ್ ಹಿಡಿದಿರುತ್ತಾರೆ, ಅಮ್ಮ ಸಾರು ಮಾಡುತ್ತಾಳೆ, ನಾನು ತಿನ್ನುತ್ತೇನೆ. ರುಚಿ ಗೊತ್ತಾಗುತ್ತಿಲ್ಲ, ಸಾರಿನ ತಪ್ಪಲ್ಲ.

ಭಾನುವಾರ ನಿನ್ನ ಕೌನ್ಸೆಲರ್ ಲತಾ ಮೇಡಂ ನಮ್ಮ ಮೂವರನ್ನೂ ಕರೆಸಿದ್ದರು. ಎರಡು ವಾರದಿಂದ ಅವರ ಜೊತೆಗೂ ಮಾತು ಬಿಟ್ಟಿದ್ದೀಯಂತೆ. ಅಮ್ಮ ಅಳಲಿಲ್ಲ. ಬ್ಯಾಗಿನ ಜಿಪ್ ಎಳೆಯುತ್ತ, ಮುಚ್ಚುತ್ತ ಕೂತಿದ್ದಳು. ನಮ್ಮ ಯಾರ ಹತ್ತಿರವೂ ಬಾಯಿ ಬಿಡದ ನೀನು ಮಾತಾಡುತ್ತಿದ್ದದ್ದು ಅವರೊಬ್ಬರ ಹತ್ತಿರ. ಅದಕ್ಕಾಗಿ ಅವರು ಮೊದಲ ತಿಂಗಳೆಲ್ಲ ಸುಮ್ಮನೆ ನಿನ್ನ ಪಕ್ಕ ಕೂತು ಕಡಲೆಕಾಯಿ ಸುಲಿದರಂತೆ. ನಾವು "ಅಲ್ಲಿ ಯಾರ ದನಿಯೂ ಇಲ್ಲ ಕಣೋ" ಎಂದು ಆರು ತಿಂಗಳು ವಾದ ಮಂಡಿಸಿದೆವು. ಅವರು, "ನಂಗೆ ಕೇಳಿಸ್ತಿಲ್ಲ ಮಧ್ವೇಶ್. ನಿಮಗೆ ಕೇಳಿಸೋದು ಸುಳ್ಳು ಅಂತ ನಾನು ಹೇಳಲ್ಲ. ಭಯ ಆಗತ್ತಾ?" ಎಂದರಂತೆ. ಇಷ್ಟು ಸಣ್ಣ ಪ್ರಶ್ನೆ ನಮ್ಮ ಘನ ವಂಶದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ನೀನು ಅವರಿಂದ ಬೇಡಿದ್ದು ಒಂದೇ. ಕೇಂದ್ರಕ್ಕೆ ಸೇರುವುದಕ್ಕೆ ಹಿಂದಿನ ಮಂಗಳವಾರ ನಮ್ಮ ಮೇಲಿನ ಖಾಲಿ ಪೋರ್ಷನ್ನಿನಿಂದ ಯಾರೋ ನಿನ್ನ ಹೆಸರು ಕೂಗಿದರು, ಅದು ನಿಜವೇ ಎಂದು ಮನೆಯಲ್ಲಿ ವಿಚಾರಿಸಿ ಅಂತ. ಅವರು ಫೋನ್ ಮಾಡಿದರು. ಟು-ಲೆಟ್ ಬೋರ್ಡು ತೂಗುತ್ತಿದೆ, ಬೀಗ ಹಾಕಿದೆ, ಯಾರೂ ಇರಲಿಲ್ಲ ಎಂಬ ಉತ್ತರ ನಮ್ಮ ಮನೆಯಿಂದ ಹೋಯಿತು. ಅದನ್ನೇ ಅವರು ನಿನಗೆ ತಿಳಿಸಿದರು. ಅಂದಿನಿಂದ ನೀನು ಗೋಡೆ ಕಡೆ ತಿರುಗಿ ಮಲಗಿದ್ದೀಯ.

ಅಪ್ಪ ಅಮ್ಮ ಆಶೀರ್ವಾದ ಹೇಳಿದ್ದಾರೆ. ಅಮ್ಮ ಚಕ್ಕುಲಿ ಕಳಿಸಿದ್ದಾಳೆ, ಪಕ್ಕದ ಮಂಚದವರಿಗೂ ಕೊಡಬೇಕಂತೆ.

ಇಂತಿ, ಈ ಮನೆಯ ಅಧಿಕೃತ ಕೋತಿ,
ಮುರಳೀಕೃಷ್ಣ

ಮತ್ತೆ: ಫೋನ್ ಎತ್ತಿ ಉತ್ತರ ಕೊಟ್ಟವನು ನಾನು. ಆ ಮಂಗಳವಾರ ಬೀಗ ತೆಗೆದು ಮೇಲೆ ಹೋಗಿ, ಬಾಯಿಗೆ ಟವೆಲ್ ಅಡ್ಡ ಹಿಡಿದು ಕಿಟಕಿಯಿಂದ ನಿನ್ನ ಹೆಸರು ಕೂಗಿದವನೂ ನಾನೇ. ತಮಾಷೆ ಎಂದುಕೊಂಡಿದ್ದೆ. ಬೇರೆ ದನಿಗಳ ವಿಷಯ ನನಗೆ ಗೊತ್ತಿಲ್ಲ, ಅದೊಂದು ನಿನಗೆ ಸರಿಯಾಗಿಯೇ ಕೇಳಿಸಿತ್ತು. ಇವತ್ತು ಬೆಳಿಗ್ಗೆ ಲತಾ ಮೇಡಂಗೆ ಹೇಳಿದೆ. ಬೈಯಲಿಲ್ಲ. "ನೀವೇ ಬರೆದು ಕೊಡಿ, ಅವರ ಕೈಗೆ ಕೊಡ್ತೀನಿ" ಎಂದರು. ಅವರು ನಿನಗೆ ಸುಳ್ಳು ಹೇಳಲಿಲ್ಲ ಅಣ್ಣ, ನನ್ನ ಸುಳ್ಳನ್ನು ನಂಬಿದರು. ನನ್ನ ಹತ್ತಿರ ಮಾತಾಡದಿದ್ದರೂ ಸರಿ, ಅವರ ಹತ್ತಿರ ಮಾತಾಡು.