ಐದು ನಿಮಿಷಕ್ಕೆ ಕಾಣದ ಕಲೆ

ಫೆಬ್ರವರಿ 3, ಸೋಮವಾರ

ಒಂಬತ್ತು ಸ್ಕ್ಯಾನ್. ಊಟ ಮೂರಕ್ಕೆ. ಹೊರಗೆ ಮೈನಸ್ ಇಪ್ಪತ್ತೆಂಟು, ಒಳಗೆ ಲೈಲ್.

ನಮ್ಮ ಈ ಮ್ಯಾನೇಜರ್ ಮಹಾಶಯ ಹೊಸ ಪಟ್ಟಿ ಅಂಟಿಸಿದ್ದಾನೆ. ಹೃದಯದ ಎಂಆರ್‌ಐಗೆ ಇನ್ನು ಒಂದು ಗಂಟೆ ಇಲ್ಲ, ನಲವತ್ತೇ ನಿಮಿಷ.

"ಇಂಜೆಕ್ಷನ್ ಕೊಟ್ಮೇಲೆ ಹತ್ತು ನಿಮಿಷ ಸುಮ್ನೆ ಕೂತಿರ್ತೀಯಲ್ಲ ಮಾರ್ನಿ, ಐದು ಸಾಕು."

ಸುಮ್ಮನೆ ಕೂರುತ್ತೇನಂತೆ! ಆ ಔಷಧಿ ರಕ್ತದಿಂದ ಇಳಿದು ಸತ್ತ ಸ್ನಾಯುವಿನಲ್ಲಿ ಮಾತ್ರ ಉಳಿಯಬೇಕು. ಆಗಲೇ ಹಾರ್ಟ್ ಅಟ್ಯಾಕಿನ ಕಲೆ ಬೆಳ್ಳಗೆ ಕಾಣುವುದು. ಐದು ನಿಮಿಷಕ್ಕೆ ಪಕ್ಕದ ರಕ್ತವೂ ಬೆಳ್ಳಗೇ ಇರುತ್ತದೆ... ಹಿಮದಲ್ಲಿ ಬಿಳಿ ಕೈಗವಸು ಹುಡುಕಿದ ಹಾಗೆ. ಹೇಳಿದೆ. "ನಾಲ್ಕ್ ತಿಂಗ್ಳಿಂದ ಕಾಯ್ತಿರೋರಿಗೆ ನೀನೇ ಹೇಳು" ಎಂದ.

ಫೆಬ್ರವರಿ 6

ಬರ್ನೀಸ್ ಕೊವಾಲ್ಚುಕ್. ಐವತ್ತೆಂಟು. ಶಾಲಾ ಬಸ್ ಓಡಿಸುತ್ತಾಳೆ. ಕ್ರಿಸ್‌ಮಸ್ ಮರುದಿನ ಎದೆ ಹಿಂಡಿದೆ. ಹಬ್ಬದ ಪಿರೋಗಿ ಕಡುಬು ಜಾಸ್ತಿ ತಿಂದೆನೆಂದು ಎರಡು ದಿನ ಮನೆಯಲ್ಲೇ ಕೂತಿದ್ದಳಂತೆ. ಆಮೇಲೆ ಆಸ್ಪತ್ರೆಯಲ್ಲಿ ನೋಡಿದಾಗ ರಕ್ತನಾಳದಲ್ಲಿ ಅಡ್ಡಿ ಸಿಗಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಒಂದೇ ಮಾತು — ಆತಂಕ. ಗಂಡಸಾಗಿದ್ದರೆ ಹೀಗನ್ನುತ್ತಿದ್ದರೇ?

"ಅಟ್ಯಾಕ್ ಆಗಿತ್ತೋ ಇಲ್ವೋ, ಅಷ್ಟು ಹೇಳಮ್ಮ ಸಾಕು. ನನ್ ಹಿಂದೆ ನಲವತ್ತು ಮಕ್ಳು ಕೂತಿರ್ತವೆ."

ಚಿತ್ರ ಅಲುಗದಂತೆ ಉಸಿರು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದು ಸಲವೂ ತಪ್ಪಲಿಲ್ಲ. "ಚರ್ಚಲ್ಲಿ ಮೂವತ್ತು ವರ್ಷದಿಂದ ಹಾಡ್ತೀನಿ ಕಣಮ್ಮ, ಉಸಿರು ನನ್ ಮಾತು ಕೇಳತ್ತೆ."

ಇಂಜೆಕ್ಷನ್ ಆಯಿತು. ಮುಂದಿನವನು ಹೊರಗೆ ಗೌನ್ ತೊಟ್ಟು ಕೂತಿದ್ದ. ಲೈಲ್ ಗಾಜಿನಾಚೆ ಗಡಿಯಾರ ತೋರಿಸಿದ. ಐದು ನಿಮಿಷ.

ಗುಂಡಿ ಒತ್ತಿಬಿಟ್ಟೆ.

ಫೆಬ್ರವರಿ 11

ವರದಿ ಬಂತು. ಕಲೆ ಇಲ್ಲ. ಬಸ್ ಓಡಿಸಬಹುದು. ಆತಂಕಕ್ಕೆ ಮಾತ್ರೆ.

ಚಿತ್ರ ಮತ್ತೆ ತೆಗೆದು ನೋಡಿದೆ. ಹಿಂಬದಿಯ ಗೋಡೆ, ಒಳ ಅಂಚು... ರಕ್ತವೋ ಕಲೆಯೋ, ದೇವರೇ ಬಲ್ಲ. ವರದಿ ಬರೆದ ಡಾಕ್ಟರ್ ಓಸ್‌ಗುಡ್ ಹತ್ತಿರ ಹೋದೆ. ಇನ್ನೊಮ್ಮೆ ತೆಗೆಯೋಣ ಎಂದೆ.

"ನಿನ್ ಅನುಮಾನಕ್ಕೆಲ್ಲ ಸ್ಕ್ಯಾನ್ ಮಾಡ್ತಾ ಕೂತ್ರೆ ಆಯ್ತು."

ಐದೇ ನಿಮಿಷ ಕಾದಿದ್ದೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೇಡಿ ನಾನು.

ಫೆಬ್ರವರಿ 27

ಬರ್ನೀಸ್ ಮೊನ್ನೆ ಪ್ರಜ್ಞೆ ತಪ್ಪಿ ಸ್ಟಿಯರಿಂಗ್ ಮೇಲೆಯೇ ತಲೆಯಿಟ್ಟು ಬಿದ್ದಿದ್ದಳು. ಬಸ್ ಶಾಲೆಯ ಮುಂದೆ ನಿಂತಿತ್ತು, ಮಕ್ಕಳು ಇಳಿದಾಗಿತ್ತು. ಹತ್ತು ನಿಮಿಷ ಮುಂಚೆ ಆಗಿದ್ದರೆ?

ಇವತ್ತು ಮರು ಸ್ಕ್ಯಾನ್. ಚೀಟಿಯಲ್ಲಿ ಕಾರಣದ ಜಾಗದಲ್ಲಿ ಲೈಲ್ ಅಕ್ಷರ: ರೋಗಿ ಉಸಿರು ಸರಿಯಾಗಿ ಹಿಡಿಯಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೈಯೆಲ್ಲ ಉರಿದುಹೋಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಬರ್ನೀಸ್ ಮೇಜಿನ ಮೇಲೆ ಮಲಗುತ್ತ ಆಡಿದ ಮಾತಿಗೆ.

"ಹೋದ್ಸಲ ನನ್ನಿಂದ್ಲೇ ಕೆಟ್ಟೋಯ್ತಂತೆ, ಬೇಜಾರ್ ಮಾಡ್ಕೋಬೇಡಮ್ಮ. ಈ ಸಲ ಗಟ್ಟಿಯಾಗಿ ಹಿಡೀತೀನಿ."

ಹತ್ತು ನಿಮಿಷ ಕಾದೆ. ಲೈಲ್ ಗಾಜು ಬಡಿದ. ಕುರ್ಚಿ ಆಚೆ ತಿರುಗಿಸಿಕೊಂಡೆ. ಹನ್ನೊಂದನೆಯ ನಿಮಿಷಕ್ಕೆ ತೆಗೆದೆ.

ಹಿಂಬದಿಯ ಗೋಡೆ. ಒಳ ಅಂಚಿನುದ್ದಕ್ಕೂ ಬೆಳ್ಳಗೆ, ಸ್ಪಷ್ಟವಾಗಿ. ಅಟ್ಯಾಕ್ ಆಗಿತ್ತು. ಓಸ್‌ಗುಡ್ ನೋಡಿ ಗಂಟಲು ಸರಿಮಾಡಿಕೊಂಡ, ಅಷ್ಟೇ. ಹೃದಯದ ಬಡಿತ ತಪ್ಪುವುದು ಆ ಕಲೆಯಿಂದಲೇ ಇರಬೇಕಂತೆ. ವಾರ್ಡಿಗೆ ಸೇರಿಸಿಕೊಂಡರು.

ಹೋಗುವಾಗ ಅವಳ ಕೈ ಹಿಡಿದು ಹೇಳಿದೆ. "ನಿಮ್ ಉಸಿರು ಸರಿಯಾಗೇ ಇತ್ತು. ಬೇಗ ತೆಗೆದಿದ್ದು ನಾನು."

"ಮತ್ತೆ ಎರಡ್ ವಾರ ನನ್ ಕೈಲಿ ಮಕ್ಳನ್ನ ಓಡಾಡ್ಸಿದ್ರಲ್ಲೇ?"

ಕೈ ಬಿಡಿಸಿಕೊಂಡಳು.

ಫೆಬ್ರವರಿ 28, ಮಧ್ಯಾಹ್ನ

ಮೊದಲ ಸ್ಕ್ಯಾನ್ ಏಕೆ ತಪ್ಪಿತೆಂದು ಬರೆಯುವ ಫಾರಂ ಲೈಲ್ ತಾನೇ ತುಂಬಿ ತಂದಿಟ್ಟ. "ಸಹಿ ಹಾಕ್ಬಿಡೇ ಮಾರಾಯ್ತಿ. ಉಸಿರು ಹಿಡೀಲಿಲ್ಲ ಅಂದ್ರೆ ಯಾರಿಗೂ ತೊಂದ್ರೆ ಇಲ್ಲ."

ಯಾರಿಗೂ ಇಲ್ಲವಂತೆ. ಅವನ ಎದುರೇ ಅದನ್ನು ಹರಿದೆ. ಹೊಸದು ತುಂಬುತ್ತಿದ್ದೇನೆ, ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಆದದ್ದೇನು: ಐದೇ ನಿಮಿಷಕ್ಕೆ ಚಿತ್ರ ತೆಗೆದರು, ಕಲೆ ತಪ್ಪಿಹೋಯಿತು.

ಹೇಳಿದ್ದು ಯಾರು: ಲೈಲ್ ಟರ್ನ್‌ಕ್ವಿಸ್ಟ್.

ಇಲ್ಲಿಯವರೆಗೆ ಪೆನ್ನು ಸಲೀಸಾಗಿ ಓಡಿತು.

ಗುಂಡಿ ಒತ್ತಿದ್ದು ಯಾರು: