ಇನ್ಹೇಲರ್ ಹಿಂಬದಿಯ ಅಂಕಿ

ಸೋಮವಾರ, ಮಾರ್ಚ್ ೯

ನನ್ನ ಜಗಳಗಂಟಿ ಮಗಳಿಗೆ ಅಮ್ಮನ ಮುದ್ದು.

ಕೈಯಲ್ಲಿರುವ ಕತ್ತರಿ ಕೆಳಗಿಟ್ಟು ಓದು. ನಾನು ಆಸ್ಪತ್ರೆಯ ಮಂಚ ಹತ್ತದೆ ನಿನ್ನೆಗೆ ಒಂದು ವರ್ಷ ತುಂಬಿತು ಕಣೇ! ಅದರ ಹಿಂದಿನ ವರ್ಷ ಮೂರು ಸಲ ಆಂಬುಲೆನ್ಸಿನಲ್ಲಿ ಮೆರವಣಿಗೆ ಹೋದವಳು ನಾನೇನಾ ಎಂದು ನನಗೇ ನಂಬಿಕೆ ಬರುತ್ತಿಲ್ಲ.

ಇವತ್ತು ತಪಾಸಣೆಗೆ ಹೋಗಿದ್ದೆ. ಎರಡು ಮಹಡಿ ಮೆಟ್ಟಿಲು ಹತ್ತಿಯೇ ಹೋದೆ. ಆ ಗದರುವ ನರ್ಸಮ್ಮ ನೆನಪಿದ್ದಾಳಲ್ಲ, ಹೋದ ವರ್ಷ ಡಿಸ್ಚಾರ್ಜ್ ಮಾಡುವಾಗ ಕೈಗೆ ಒಂದು ಹಾಳೆ ತುರುಕಿದ್ದಳು. ದೊಡ್ಡ ಡಾಕ್ಟರುಗಳು ಕೂತು ನನ್ನಂಥವರ ಶ್ವಾಸಕೋಶಕ್ಕೆಂದೇ ಬರೆದ ನಿಯಮವಂತೆ, ಚೆನ್ನಾಗಿರುವ ದಿನವೂ ಬಿಡಬಾರದಂತೆ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಇನ್ಹೇಲರ್, ಚಳಿಗೆ ಮುಂಚೆ ಲಸಿಕೆ, ದಿನಾ ನಡಿಗೆ. ಮೂವತ್ತು ವರ್ಷ ಹಾಸಿಗೆ ಅಂಗಡಿಯಲ್ಲಿ ಹತ್ತಿಯ ದೂಳು ಕುಡಿದ ಎದೆಗೆ ಒಂದು ಹಾಳೆ ಏನು ಮಾಡೀತು ಎಂದುಕೊಂಡಿದ್ದೆ. ಆದರೂ ಚಾಚೂ ತಪ್ಪದೆ ಮಾಡಿದೆ.

ಬಿಲ್ ಕೌಂಟರಿನವಳ ಹತ್ತಿರ ಹಳೆಯ ಲೆಕ್ಕ ತೆಗೆಸಿ ನೋಡಿದೆ. ಒಂದೇ ಒಂದು ಸಲ ಆಸ್ಪತ್ರೆಗೆ ಸೇರಿದ ಖರ್ಚಿನಲ್ಲಿ ಎರಡು ವರ್ಷಕ್ಕಾಗುವಷ್ಟು ಇನ್ಹೇಲರ್ ಬರುತ್ತಿತ್ತು! ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವ ಹಾಗೆ ನಕ್ಕುಬಿಟ್ಟೆ. ದುಬಾರಿ, ದುಬಾರಿ ಎಂದು ಆ ಪುಟ್ಟ ಡಬ್ಬಿಗೆ ಎಷ್ಟು ಶಾಪ ಹಾಕಿದ್ದೆ!

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಆಸ್ಪತ್ರೆಗೆಂದು ನೀನು ತಿಂಗಳು ತಿಂಗಳು ತೆಗೆದಿಡುವ ದುಡ್ಡು ವರ್ಷದಿಂದ ಹಾಗೇ ಕೂತಿದೆ. ನೀನು ಕಣ್ಣಿಟ್ಟಿರುವ ಆ ಮೂಲೆಯ ಅಂಗಡಿ ಮತ್ತೆ ಖಾಲಿಯಾಗಿದೆಯಂತೆ. ಅಮ್ಮನ ಆರೋಗ್ಯ ನೋಡಿಕೊಂಡು ಹೇಳ್ತೀನಿ ಅಂತ ಎರಡು ಸಲ ಕೈಬಿಟ್ಟೆಯಲ್ಲ, ಸಾಕು. ಇನ್ನೊಬ್ಬರ ಅಂಗಡಿಯಲ್ಲಿ ಎಷ್ಟು ದಿನ ಕೂದಲು ಕತ್ತರಿಸುತ್ತೀ? ನಾಳೆಯೇ ಹೋಗಿ ಮುಂಗಡ ಕೊಡು. ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ ಹಾಕಿಸು. ಮೊದಲ ಗಿರಾಕಿ ನಾನೇ, ಚೌಕಾಸಿ ಮಾಡುವುದಿಲ್ಲ.

ಇಂತಿ,
ಲಿಫ್ಟಿನ ಹಂಗಿಲ್ಲದ ನಿನ್ನ ಅಮ್ಮ

ವಿ.ಸೂ.: ಬೈಯಬೇಡ, ಒಂದು ಮಾತು ಮುಚ್ಚಿಟ್ಟಿದ್ದೆ. ಮೊದಲೆಲ್ಲ ನೀನು ಬಂದ ಕೂಡಲೇ ಇನ್ಹೇಲರ್ ತಿರುಗಿಸಿ, ಎಷ್ಟು ಉಳಿದಿದೆ ಎಂದು ಹಿಂಬದಿಯ ಅಂಕಿ ನೋಡುತ್ತಿದ್ದೆಯಲ್ಲ, ಆ ಅಂಕಿ ಸುಳ್ಳು. ನಿನ್ನ ದುಡ್ಡು ಉಳಿಯಲಿ ಎಂದು ದಿನವೂ ಎಳೆಯದೆ ಇಟ್ಟಿರುತ್ತಿದ್ದೆ. ನೀನು ಬರುವ ಸುದ್ದಿ ಬಂದರೆ ಹೆದರಿ, ಅಂಕಿ ಇಳಿಯಲಿ ಎಂದು ಕಿಟಕಿಯ ಬಳಿ ನಿಂತು ಹೆಬ್ಬೆರಳು ನೋಯುವ ತನಕ ಗಾಳಿಗೆ ಒತ್ತುತ್ತಿದ್ದೆ. ಔಷಧಿಯೂ ಹೋಯಿತು, ನಿನ್ನ ಅಂಗಡಿಯೂ ಎರಡು ಸಲ ಹೋಯಿತು. ನನಗೆ ನಾಚಿಕೆಯಾಗುತ್ತದೆ ಕಣೇ. ಈ ಸಲ ಬಂದಾಗ ಧಾರಾಳವಾಗಿ ತಿರುಗಿಸಿ ನೋಡು. ಹೊಸದರಲ್ಲಿ ನೂರಿಪ್ಪತ್ತು ಇತ್ತು, ಇವತ್ತು ಅರವತ್ತನಾಲ್ಕು. ಇಳಿದ ಐವತ್ತಾರೂ ನನ್ನ ಎದೆಯೊಳಗೇ ಹೋಗಿವೆ.