‘ಹಾಲಿಗೆ’ ಎಂದು ಬರೆದ ಡಬ್ಬಿ

ಕೆಳಗಿನ ಮನೆ
ಮಾರ್ಚ್ ೧೪, ಬೆಳಗ್ಗೆ ಹತ್ತೂವರೆ

ಮೇಲಿನ ಮನೆಯಲ್ಲಿರುವ ನನ್ನ ಸೊಸೆಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನೀವಲ್ಲಿ ಹೇಗಿದ್ದೀರೆಂದು ಪಾಪು ಅಳುವ ಸದ್ದಿನಿಂದ ಆಗಾಗ ತಿಳಿಯುತ್ತಿದೆ. ಬರೆಯಲು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತವಳು ನಾನು. ಹದಿನಾಲ್ಕು ಮೆಟ್ಟಿಲ ದೂರಕ್ಕೆ ಹನ್ನೊಂದು ದಿನ ತೆಗೆದುಕೊಂಡ ಕಾಗದವನ್ನು ನನ್ನ ಸರ್ವಿಸಿನಲ್ಲೇ ಕಂಡಿಲ್ಲ.

ನಿನ್ನ ಗಂಡನ ಬಾಯಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ನನ್ನ ಮಗನ ಸಂಗತಿ ನಿನಗೆ ಗೊತ್ತೇ ಇದೆ. ಕೆಳಗಿನಿಂದ ನಾಲ್ಕು ಮಾತು ಕಳಿಸಿದರೆ ಮೇಲೆ ತಲುಪುವುದು ಒಂದು, ಅದೂ ತಲೆಕೆಳಗಾಗಿ. ಮೊನ್ನೆ ‘ಅವಳಿಗೆ ಸ್ವಲ್ಪ ಸುಧಾರಿಸ್ಕೊಳ್ಳೋಕೆ ಹೇಳೋ’ ಅಂದೆ. ಅವನು ನಿನ್ನ ಹತ್ತಿರ ಬಂದು ‘ಅಮ್ಮ ನೀನು ಸುಧಾರಿಸ್ಬೇಕು ಅಂದ್ಳು’ ಎಂದನಂತೆ. ಅದನ್ನು ಮತ್ತೆ ಕೆಳಗೆ ಬಂದು ನನಗೇ ಹೆಮ್ಮೆಯಿಂದ ಒಪ್ಪಿಸಿದ! ಇನ್ನು ಅವನನ್ನು ನಂಬಿದರೆ ಆಯಿತು ನಮ್ಮಿಬ್ಬರ ಕಥೆ ಅಂತ ಕಾಗದ ಪೆನ್ನು ಹಿಡಿದೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ, ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. (ಬರುತ್ತದೆ ಅಂತ ನಿನ್ನ ಮಾವ ಪಕ್ಕದಿಂದ ಹೇಳುತ್ತಿದ್ದಾರೆ. ಅವರಿಗೆ ಇವತ್ತು ರಜೆ, ಬೇರೆ ಕೆಲಸವಿಲ್ಲ.) ಹನ್ನೊಂದು ದಿನದ ಹಿಂದೆ ನೀನು ನಮ್ಮ ಸೋಫಾದ ಮೇಲೆ ಕೂತು ಪಾಪುವಿಗೆ ಹಾಲು ಕೊಡುತ್ತಿದ್ದೆ. ಪಾಪು ಬಿಟ್ಟು ಬಿಟ್ಟು ಅಳುತ್ತಿತ್ತು, ನಿನ್ನ ಕಣ್ಣಲ್ಲೂ ನೀರು. ಆಗ ನಾನು ಬಟ್ಟೆ ಮಡಚುತ್ತಾ ‘ನಮ್ಮ ಮನೇಲಿ ಯಾರಿಗೂ ಹಾಲು ಕಡಿಮೆ ಆದದ್ದಿಲ್ಲಮ್ಮ’ ಅಂದುಬಿಟ್ಟೆ. ನೀನು ಮಗುವನ್ನು ಎತ್ತಿಕೊಂಡು ಮೇಲೆ ಹೋದೆ. ಚಿಲಕ ಹಾಕಿದ ಸದ್ದು ಕೆಳಗಿನವರೆಗೂ ಕೇಳಿಸಿತು. ಅವತ್ತಿನಿಂದ ನಿನ್ನ ಮುಖವನ್ನೂ ನೋಡಿಲ್ಲ, ಪಾಪುವಿನ ಮುಖವನ್ನೂ ನೋಡಿಲ್ಲ. ನೀನು ಈಗ ಪ್ರತಿ ಸಲ ಹಾಲು ಕೊಡುವಾಗಲೂ ಗಡಿಯಾರ ನೋಡುತ್ತೀಯಂತೆ, ‘ನನ್ನಲ್ಲೇ ಏನೋ ಕೊರತೆ ಇದೆ’ ಅನ್ನುತ್ತೀಯಂತೆ. ಈ ಒಂದು ಮಾತನ್ನು ಮಾತ್ರ ನನ್ನ ಮಗ ಸರಿಯಾಗಿ ತಲುಪಿಸಿದ. ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಮಾತಿನಲ್ಲಿ ಕೆಡಿಸಿದ್ದನ್ನು ಕೈಯಲ್ಲಿ ಸರಿ ಮಾಡೋಣ ಅಂತ ಹೊರಟೆ. ಹಾಲು ಹೆಚ್ಚಲು ಏನು ಕೊಡಬೇಕು ಅಂತ ಎದುರಿನ ಬೇಕರಿಯವಳನ್ನು ಹೋಗಿ ಕೇಳಿದೆ. ಅವಳು ಮೂರು ಹೆತ್ತವಳು, ಮೂವರೂ ಗುಂಡುಗುಂಡಗಿದ್ದಾರೆ. ‘ಅದಕ್ಕೇನಂತೆ, ಬಾಣಂತಿ ಬಿಸ್ಕತ್ತು ಮಾಡಿಕೊಡಿ’ ಅಂತ ಪಟ್ಟಿ ಹೇಳಿದಳು: ಓಟ್ಸು, ಹುರಿದು ಪುಡಿ ಮಾಡಿದ ಅಗಸೆಬೀಜ, ಎಳ್ಳು, ಬೀಜ ತೆಗೆದ ಖರ್ಜೂರ, ಬೆಣ್ಣೆ, ಒಂದು ಚಿಟಿಕೆ ಉಪ್ಪು. ‘ಎಷ್ಟೆಷ್ಟು?’ ಅಂದೆ. ‘ಕೈಯಂದಾಜು’ ಅಂದಳು. ನನ್ನ ಹತ್ತಿರ ಕೈಯಂದಾಜಿನ ಮಾತೇ! ನಿವೃತ್ತಿಯಾದಾಗ ಕಚೇರಿಯವರು ಕೊಟ್ಟ ತಕ್ಕಡಿ ಇದೆಯಲ್ಲ, ಅದನ್ನು ಅಡುಗೆಮನೆಗೆ ತಂದು ಎಲ್ಲವನ್ನೂ ಗ್ರಾಮಿನ ಲೆಕ್ಕದಲ್ಲಿ ತೂಗಿದೆ. ಒಂದು ಖರ್ಜೂರ ಹೆಚ್ಚಾಗಿತ್ತು, ಅದನ್ನು ನಿನ್ನ ಮಾವನ ಬಾಯಿಗೆ ಹಾಕಿ ತೂಕ ಸರಿ ಮಾಡಿದೆ.

ಮೊದಲ ಸುತ್ತು ಕೈಕೊಟ್ಟಿತು. ಬೇಕರಿಯವಳು ಹದಿನೈದು ನಿಮಿಷ ಸಾಕು ಅಂದಿದ್ದಳು. ನನ್ನ ಪಾರ್ಸೆಲ್ ಬುದ್ಧಿ ಎಲ್ಲಿ ಹೋಗುತ್ತದೆ, ಮೆಟ್ಟಿಲು ಹತ್ತುವಾಗ ಒಡೆಯದ ಹಾಗೆ ಗಟ್ಟಿಯಾಗಿರಲಿ ಅಂತ ಇನ್ನೂ ಹದಿನೈದು ನಿಮಿಷ ಓವನ್ನಿನಲ್ಲೇ ಬಿಟ್ಟೆ. ಪರೀಕ್ಷೆಗೆಂದು ಒಂದನ್ನು ನೆಲದ ಮೇಲೆ ಬೀಳಿಸಿದೆ. ಬಿಸ್ಕತ್ತಿಗೆ ಏನೂ ಆಗಲಿಲ್ಲ, ಟೈಲ್ಸಿನ ಮೂಲೆ ಎದ್ದಿತು. ನಿನ್ನ ಗಂಡ ಒಂದನ್ನು ಕಚ್ಚಿ ನೋಡಿ, ‘ಅಮ್ಮಾ, ಇದನ್ನ ತಿಂದ್ರೆ ಹಾಲು ಬರೋಕೆ ಮುಂಚೆ ಹಲ್ಲು ಹೋಗುತ್ತೆ’ ಅಂದ. ಬೆಳಗ್ಗೆ ಬಾಗಿಲು ಬಡಿದುಕೊಳ್ಳದಂತೆ ಅದರಲ್ಲೇ ಒಂದನ್ನು ಸಂದಿಗೆ ಇಟ್ಟಿದ್ದೇನೆ, ಚೆನ್ನಾಗಿ ನಿಂತಿದೆ.

ಎರಡನೇ ಸುತ್ತು, ನಾನೇ ಹೇಳಿಕೊಳ್ಳಬಾರದು, ಬಾಯಲ್ಲಿ ಇಟ್ಟರೆ ಕರಗುವ ಹಾಗೆ ಬಂತು. ನಲವತ್ತೆಂಟು ಬಿಸ್ಕತ್ತು. ಕೆಂಪು ಮುಚ್ಚಳದ ಡಬ್ಬಿಗೆ ತುಂಬಿದೆ. ವಿಳಾಸ ಬರೆಯದೆ ಯಾವ ಪೊಟ್ಟಣವನ್ನೂ ಕೈಬಿಡದವಳು ನಾನು, ವಿಳಾಸವಿಲ್ಲದೆ ಬಂದವರನ್ನು ಕ್ಯೂನಿಂದ ವಾಪಸ್ ಕಳಿಸಿದವಳು. ಚೀಟಿ ಅಂಟಿಸಿ ಪೆನ್ನು ಹಿಡಿದು ಕೂತೆ. ನಿನ್ನ ಹೆಸರು ಬರೆಯಬೇಕು. ನಿನಗೆ ಅಂಥ ಮಾತಾಡಿ ಎಂಟು ದಿನವಾಗಿತ್ತು, ಆ ಹೆಸರು ಬರೆಯಲು ಕೈ ಏಳಲಿಲ್ಲ ಕಣೇ. ಬಹಳ ಹೊತ್ತು ಕೂತು, ಕೊನೆಗೆ ಯಾರಿಗೆ ಅನ್ನುವುದರ ಬದಲು ಯಾತಕ್ಕೆ ಅಂತ ಬರೆದೆ. ‘ಹಾಲಿಗೆ’. ಅಷ್ಟೇ.

ನಾನು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಡಬ್ಬಿ ಮಾಯ. ನಿನ್ನ ಮಾವ ಬಸ್ ಡಿಪೋಗೆ ಹೋಗುವ ಮೊದಲು ಮೇಜಿನ ಮೇಲೆ ಅದನ್ನು ನೋಡಿದರಂತೆ. ‘ಹಾಲಿಗೆ’ ಅಂತ ಇದೆ, ಅಂದರೆ ಹಾಲಿಗೆ ಅದ್ದಿಕೊಂಡು ತಿನ್ನಲು ನನ್ನ ಹೆಂಡತಿ ಪ್ರೀತಿಯಿಂದ ಮಾಡಿಟ್ಟಿದ್ದಾಳೆ ಅಂತ ಅರ್ಥ ಮಾಡಿಕೊಂಡರಂತೆ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ನಾನು ಅವರಿಗೆಂದು ಬಿಸ್ಕತ್ತು ಮಾಡಿದ್ದಿಲ್ಲ, ಆದರೂ ಅನುಮಾನ ಬರಲಿಲ್ಲ ಆ ಮಹಾನುಭಾವರಿಗೆ. ಫ್ಲಾಸ್ಕಿನಲ್ಲಿ ಬಿಸಿ ಹಾಲನ್ನೂ ತುಂಬಿಕೊಂಡು ಹೋದರು!

ಸಂಜೆ ಖಾಲಿ ಡಬ್ಬಿ ಕುಣಿಸುತ್ತಾ ಬಂದರು. ‘ಡಿಪೋದಲ್ಲೆಲ್ಲಾ ನಿನ್ನದೇ ಮಾತು ಕಣೇ. ಮೆಕ್ಯಾನಿಕ್‌ಗಳೆಲ್ಲ ಮುಗಿಬಿದ್ರು. ಆದ್ರೆ ಒಂದು ಮಾತು ಹೇಳ್ತೀನಿ, ಹಾಲಿಗಿಂತ ಟೀಗೆ ಇನ್ನೂ ಚೆನ್ನಾಗಿರುತ್ತೆ.’

‘ನೀವೆಷ್ಟು ತಿಂದ್ರಿ?’

‘ಒಂಬತ್ತು. ಗ್ರೀಸಣ್ಣ ಹನ್ನೊಂದು.’

ಗ್ರೀಸಣ್ಣ ಅಂದರೆ ಅವರ ಜೊತೆ ಎಂಜಿನ್ ಬಿಚ್ಚುವವನು, ಮೀಸೆಗೂ ಗ್ರೀಸ್ ಮೆತ್ತಿಕೊಂಡಿರುತ್ತಾನಲ್ಲ, ಅವನು. ನಾನು ತಲೆ ಮೇಲೆ ಕೈಹೊತ್ತು ಕೂತು, ಅದು ಯಾತಕ್ಕೆ ಮಾಡಿದ್ದು ಅಂತ ಹೇಳಿದೆ. ನಿನ್ನ ಮಾವನ ಮುಖ ನೋಡಬೇಕಿತ್ತು. ಮೆಲ್ಲಗೆ ಕೈ ಎದೆಯ ಮೇಲೆ ಹೋಯಿತು. ಒಳಗೆ ಹೋಗಿ ದೊಗಲೆ ಅಂಗಿ ಹಾಕಿಕೊಂಡು ಬಂದರು.

ಮರುದಿನ ಗ್ರೀಸಣ್ಣನೇ ಬಾಗಿಲಿಗೆ ಬಂದ. ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡಿದ್ದ, ಬಿಡಿಸಲೇ ಇಲ್ಲ. ಪಿಸುದನಿಯಲ್ಲಿ ಕೇಳಿದ, ‘ಅಕ್ಕಾ, ಅದು ಗಂಡಸರಿಗೆ... ಏನೂ ಆಗಲ್ಲ ತಾನೇ?’

‘ಏನೂ ಆಗಲ್ಲಪ್ಪ.’

‘ಎದೆ ಯಾಕೋ ಭಾರ ಅನ್ಸುತ್ತೆ.’

‘ಹನ್ನೊಂದು ತಿಂದ್ರೆ ಎದೆ ಅಷ್ಟೇ ಅಲ್ಲ, ಮಂಚಾನೂ ಭಾರ ಆಗುತ್ತೆ. ಹೋಗಿ ಬಿಸಿನೀರು ಕುಡಿ.’

ಹೊರಟವನು ಗೇಟಿನವರೆಗೆ ಹೋಗಿ ತಿರುಗಿ ಬಂದ. ‘ಉಳಿದಿದ್ರೆ ಇನ್ನೆರಡು ಕೊಡ್ತೀರಾ? ಅಪಾಯ ಇಲ್ಲ ಅಂದ್ರಲ್ಲ.’ ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಮೇಲೆ ನೋಡಿದೆ, ನಿನ್ನ ಕಿಟಕಿ ಮುಚ್ಚಿತ್ತು. ಇಂಥದ್ದು ನಡೆದಾಗ ಓಡಿಬಂದು ನಿನಗೆ ಹೇಳದಿದ್ದರೆ ನನಗೆ ಉಂಡಿದ್ದು ಅರಗುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ಮೂರನೇ ಸುತ್ತಿನ ಡಬ್ಬಿ ಹಿಡಿದು ಮೊನ್ನೆ ಮಧ್ಯಾಹ್ನ ನಾನೇ ಮೇಲೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಬಾಗಿಲು ತಟ್ಟಲು ಕೈ ಎತ್ತಿದ್ದೆ. ಒಳಗೆ ನೀನು ಪಾಪುವಿನ ಹತ್ತಿರ ಮಾತಾಡುತ್ತಿದ್ದೆ. ‘ಸಾಲಲ್ವಾ ಬಂಗಾರಿ? ಇಷ್ಟೇ ಕಣೇ ನನ್ನ ಹತ್ರ ಇರೋದು’ ಅಂದೆ. ಎತ್ತಿದ ಕೈಯನ್ನು ಇಳಿಸಿ, ಬಂದ ದಾರಿಯಲ್ಲೇ ಡಬ್ಬಿ ಸಮೇತ ಇಳಿದು ಬಂದೆ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನಿನ್ನ ಮಾವ ನನ್ನ ಕಣ್ಣೀರು ನೋಡಿ ಈರುಳ್ಳಿ ಎಲ್ಲಿದೆ ಅಂತ ಹುಡುಕಿದರು.

ನಿನ್ನೆ ಪಾಪುವಿನ ತೂಕ ನೋಡಲು ನರ್ಸಮ್ಮ ಬಂದಿದ್ದರಲ್ಲ, ಇಳಿಯುವಾಗ ಅವರನ್ನು ಹಿಡಿದು ಕೂರಿಸಿಕೊಂಡೆ. ಬಿಸ್ಕತ್ತು ಕೊಟ್ಟೆ. ನಾಲ್ಕು ತಿಂದ ಮೇಲೆ ಅವರೇ ಬಾಯಿ ಬಿಟ್ಟರು. ‘ಮಗು ತೂಕ ಚೆನ್ನಾಗಿ ಏರ್ತಾ ಇದೆ ಅಜ್ಜಿ. ಒದ್ದೆ ಬಟ್ಟೆ ಎಷ್ಟಾಗಬೇಕೋ ಅಷ್ಟಾಗ್ತಾ ಇದೆ. ಹಾಲಿಗೆ ಏನೂ ಕಮ್ಮಿ ಇಲ್ಲ. ಈ ವಯಸ್ಸಿನ ಮಕ್ಕಳು ಅಳೋದೇ ಹಾಗೆ.’

‘ಮತ್ತೆ ಈ ಬಿಸ್ಕತ್ತು?’ ಅಂದೆ.

‘ಬಿಸ್ಕತ್ತು ತಿಂದ್ರೆ ಹಾಲು ಬರುತ್ತೆ ಅಂತ ನಾನು ಹೇಳಲ್ಲ. ಮಗು ಎಳೆದಷ್ಟೂ ಹಾಲು. ಆದ್ರೆ ತಿನ್ನೋಕಾದ್ರೂ ಅವರು ಹತ್ತು ನಿಮಿಷ ಕೂರ್ತಾರಲ್ಲ, ಕೊಡಿ. ಹೊಟ್ಟೆಗೆ ತಿನ್ಬೇಕು, ನೀರು ಕುಡೀಬೇಕು, ನಿದ್ದೆ ಮಾಡ್ಬೇಕು.’ ಐದನೆಯದಕ್ಕೆ ಕೈ ಹಾಕುತ್ತಾ ಸೇರಿಸಿದರು, ‘ಮೊದಲು ಅವರ ತಲೆಯಲ್ಲಿ ಕೂತಿರೋ ಮಾತು ಇಳೀಬೇಕು. ಯಾರೋ ಪುಣ್ಯಾತ್ಗಿತ್ತಿ, ನಮ್ಮ ಮನೇಲಿ ಯಾರಿಗೂ ಹಾಲು ಕಡಿಮೆ ಇರಲಿಲ್ಲ ಅಂದಳಂತೆ. ಯಾರು ಅಂತ ಎಷ್ಟು ಕೇಳಿದ್ರೂ ಹೇಳ್ತಿಲ್ಲ. ಅಂಥವರ ಬಾಯಿಗೆ ಹೊಲಿಗೆ ಹಾಕ್ಬೇಕು ಅಜ್ಜಿ.’

‘ಹಾಕ್ಬೇಕು, ಖಂಡಿತ ಹಾಕ್ಬೇಕು’ ಅಂತ ತಟ್ಟೆಯನ್ನು ಅವರ ಕಡೆಗೆ ಸರಿಸಿದೆ. ನಿನ್ನ ಮಾವ ಪೇಪರ್ ಹಿಂದೆ ಕೆಮ್ಮಿದರು.

ನೀನು ನನ್ನ ಹೆಸರು ಹೇಳಲಿಲ್ಲ. ಅಷ್ಟು ನೋವಿನಲ್ಲೂ ನನ್ನ ಮರ್ಯಾದೆ ಉಳಿಸಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಬೀದಿಗೆಲ್ಲ ಡಂಗುರ ಸಾರುತ್ತಿದ್ದೆ.

ಈ ಕಾಗದವನ್ನು ಡಬ್ಬಿಯ ಜೊತೆ ನಿನ್ನ ಬಾಗಿಲ ಹೊರಗೆ ಇಡುತ್ತೇನೆ. ಈ ಸಲ ನಿನ್ನ ಹೆಸರನ್ನು ದೊಡ್ಡದಾಗಿ ಬರೆದಿದ್ದೇನೆ, ನಿನ್ನ ಮಾವ ಮುಟ್ಟುವ ಹಾಗಿಲ್ಲ. ಹಸಿವಾದರೆ ತಿನ್ನು, ಹಾಲಿಗೆ ಅಂತ ತಿನ್ನಬೇಡ. ಬಟ್ಟೆಯ ಬುಟ್ಟಿಯನ್ನು ಹೊರಗಿಡು, ಒಗೆದು ಒಣಗಿಸಿ ತಂದಿಡುತ್ತೇನೆ, ಒಳಗೆ ಇಣುಕುವುದಿಲ್ಲ. ನೀನು ನಿದ್ದೆ ಮಾಡುವಾಗ ಪಾಪುವನ್ನು ಎತ್ತಿಕೊಳ್ಳಲು ಯಾರಾದರೂ ಬೇಕೆನ್ನಿಸಿದರೆ ನನ್ನನ್ನು ಕರೆ. ಬೇಡವೆನ್ನಿಸಿದರೆ ಬೇಡ. ಪಾಪು ನೂರು ಕಾಲ ಬಾಳಲಿ, ನೀನು ಕಣ್ತುಂಬ ನಿದ್ದೆ ಮಾಡುವ ದಿನ ಬೇಗ ಬರಲಿ, ನನ್ನ ಮಗನಿಗೆ ಒಂದು ಮಾತನ್ನಾದರೂ ನೆಟ್ಟಗೆ ತಲುಪಿಸುವ ಬುದ್ಧಿ ಬರಲಿ.

ಇಂತಿ,
ನಿನ್ನ ಅತ್ತೆ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಹಾಲು ಕಡಿಮೆಯಾದದ್ದಿಲ್ಲ ಅನ್ನುವುದು ಸುಳ್ಳು. ನನಗೆ ಆಗಿತ್ತು. ನಿನ್ನ ಗಂಡ ಹುಟ್ಟಿ ಮೂರು ವಾರಕ್ಕೆ ನನಗೆ ಜ್ವರ ಬಂದು ಹಾಲು ನಿಂತೇ ಹೋಯಿತು. ಕೇಳಲು ಯಾವ ನರ್ಸಮ್ಮನೂ ಇರಲಿಲ್ಲ. ಅದೇ ಸೋಫಾದ ಜಾಗದಲ್ಲಿ ಆಗ ಒಂದು ಬೆಂಚಿತ್ತು, ಅದರ ಮೇಲೆ ಅಳುತ್ತಾ ಕೂತಿದ್ದೆ. ನಮ್ಮತ್ತೆ ಬಟ್ಟೆ ಮಡಚುತ್ತಾ ಆ ಮಾತು ಹೇಳಿದರು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಚೇರಿಯಲ್ಲಿ ಟಪಾಲು ವಿಂಗಡಿಸುವವಳೊಬ್ಬಳು ಹೆತ್ತು ಎರಡು ತಿಂಗಳಾಗಿತ್ತು. ಅವಳು ನಾಲ್ಕು ತಿಂಗಳು, ಮಧ್ಯಾಹ್ನದ ಬಿಡುವಿನಲ್ಲಿ, ಪಾರ್ಸೆಲ್ ಕೋಣೆಯ ಗೋಣಿಮೂಟೆಗಳ ಹಿಂದೆ ಕೂತು, ತನ್ನ ಮಗುವಿನ ಜೊತೆ ನನ್ನ ಮಗನಿಗೂ ಹಾಲು ಕೊಟ್ಟಳು. ಮಿಕ್ಕ ಹೊತ್ತು ಡಬ್ಬಿ ಹಾಲು, ನಮ್ಮತ್ತೆಯ ಕಣ್ಣು ತಪ್ಪಿಸಿ. ಮನೆಯಲ್ಲಿ ಏನೋ ನೆಪ ಹೇಳಿ ಅವನನ್ನು ಅಲ್ಲಿಗೆ ಎತ್ತಿಕೊಂಡು ಹೋಗುತ್ತಿದ್ದೆ, ಯಾರಾದರೂ ಬಂದಾರೆಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಳಗೆ ಅವನು ಗುಟುಕರಿಸುವ ಸದ್ದು ಕೇಳುತ್ತಿತ್ತು. ನನಗೆ ಸಂತೋಷವೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಇದು ನಿನ್ನ ಮಾವನಿಗೂ ಗೊತ್ತಿಲ್ಲ, ನಿನ್ನ ಗಂಡನಿಗೂ ಗೊತ್ತಿಲ್ಲ. ಅವತ್ತು ನೀನು ಅಳುವುದನ್ನು ನೋಡಿದಾಗ ಎದ್ದು ಬಂದು ನಿನ್ನನ್ನು ತಬ್ಬಿಕೊಳ್ಳಬೇಕಿತ್ತು. ಆದರೆ ಅಳುವ ಬಾಣಂತಿಗೆ ಹೇಳಲು ನನಗೆ ಗೊತ್ತಿದ್ದ ಮಾತು ಅದೊಂದೇ ಆಗಿತ್ತು. ತಪ್ಪಾಯಿತು ಅಂತ ನನಗೆ ಯಾರೂ ಯಾವತ್ತೂ ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ. ತಪ್ಪಾಯಿತು ಮಗಳೇ.